ಎಲ್ಲಿಂದ ಬಂತು ಈ ಪೇಶ್?

ಯೆರವಡಾದ ಒಂದು ಓಣಿಯ ಮಸೀದಿ. ಅದರ ಮೇಲ್ಮಹಡಿಯ ಕೋಣೆಯಲ್ಲಿ, ರಾತ್ರಿ ಇಶಾ ನಮಾಜು ಮುಗಿದ ಮೇಲೆ, ನಾವು ಆರೇಳು ಜನ ದೊಡ್ಡವರು ಚಿಕ್ಕಮಕ್ಕಳ ಪುಸ್ತಕ ಹಿಡಿದು ಕೂಡುತ್ತೇವೆ. ಬೆಳಿಗ್ಗೆ ಅದೇ ಕೋಣೆಯಲ್ಲಿ ಓಣಿಯ ಹುಡುಗರು ಓದುತ್ತಾರೆ. ಅವರ ಎತ್ತರಕ್ಕೆ ಮಾಡಿಸಿದ ಗಿಡ್ಡ ಡೆಸ್ಕುಗಳ ಕೆಳಗೆ ನಮ್ಮ ಮೊಣಕಾಲು ಹೋಗುವುದಿಲ್ಲ, ಅಡ್ಡ ಕೂತು ಓದಬೇಕು. ಒಬ್ಬ ರಿಕ್ಷಾ ಓಡಿಸುವವನು, ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಒಬ್ಬ ಲಾತೂರಿನ ಎಂಜಿನಿಯರ್, ಒಬ್ಬ ಗೌಂಡಿ. ನಾನು ಇಲ್ಲೇ ಹತ್ತಿರದ ಐಟಿ ಪಾರ್ಕಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವನು. ದಿನವಿಡೀ ಬೇರೆಯವರ ತಪ್ಪು ಹುಡುಕಿ ಸಂಬಳ ಎಣಿಸುವ ನನಗೆ, ರಾತ್ರಿ ಮುಕ್ಕಾಲು ಗಂಟೆ ಹಾಫಿಜ್ ಸಾಹೇಬರು ನನ್ನ ತಪ್ಪು ಹುಡುಕಿ ತೋರಿಸುತ್ತಾರೆ.

ಅವರು ಬಿಹಾರದವರು. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವರು. ಬಯ್ಯುವುದಿಲ್ಲ, ನಗುವುದಿಲ್ಲ. ತಪ್ಪಿದಾಗ ಸುಮ್ಮನೆ ತೋರುಬೆರಳನ್ನು ಅಕ್ಷರದ ಮೇಲಿಟ್ಟು ಕಾಯುತ್ತಾರೆ. ಆವತ್ತು ಮಾತ್ರ ಅವರಿಗೂ ತಡೆಯಲಾಗಲಿಲ್ಲ. ಅಕ್ಷರಕ್ಕೆ ಯಾವ ಸ್ವರವೂ ಇಲ್ಲ, ಅಲ್ಲೇ ನಿಲ್ಲು ಎಂದು ಹೇಳುವ ‘ಸುಕೂನ್’ ಚಿಹ್ನೆಯ ಪಾಠ ನಡೆದಿತ್ತು. ‘ಕುಲ್’ ಎಂದು ಓದಬೇಕಿತ್ತು. ಓದಿದೆ. ಅವರು ಬೆರಳು ತೆಗೆಯಲಿಲ್ಲ. ಮತ್ತೆ ಓದಿದೆ. ಆಗ ಕೇಳಿದರು: “ಭಾಯ್, ಯೇ ಪೇಶ್ ಕಹಾಂ ಸೆ ಆಯಾ?”

ಪೇಶ್ ಎಂದರೆ ಉಕಾರದ ಗುರುತು. ಪುಸ್ತಕದಲ್ಲಿ ಕೊನೆಯ ಅಕ್ಷರದ ಮೇಲೆ ಅದು ಇರಲಿಲ್ಲ. ನನ್ನ ಬಾಯಲ್ಲಿ ಇತ್ತು. ನಾನು ಓದಿದ್ದು ‘ಕುಲ್’ ಅಲ್ಲ, ‘ಕುಲ್ಲು’.

ನಾನು ಈ ಡೆಸ್ಕಿಗೆ ಬಂದ ಕಾರಣ ಹೇಳಬೇಕು. ನಮ್ಮದು ವಿಜಯಪುರ ಜಿಲ್ಲೆ ಇಂಡಿ ತಾಲೂಕಿನ ಒಂದು ಹಳ್ಳಿ. ಜಾತಿಯಿಂದ ನಾವು ಪಿಂಜಾರರು. ಹತ್ತಿ ಹಿಂಜಿ ಗಾದಿ, ತೆಲೆದಿಂಬು ಹೊಲಿದು ಕೊಡುವವರು. ಕಾಗದಪತ್ರಗಳಲ್ಲಿ ನದಾಫ. ಉತ್ತರ ಕರ್ನಾಟಕದ ನಮ್ಮವರು ಬಹಳಷ್ಟು ಜನ ಮನೆಯಲ್ಲಿ ಮಾತಾಡುವುದು ಕನ್ನಡ. ಉರ್ದು ನಮಗೆ ಪ್ಯಾಟಿಯ ಭಾಷೆ, ಅರಬ್ಬಿ ಮಸೀದಿಯ ಭಾಷೆ. ನಮ್ಮೂರ ಮಸೀದಿಯಲ್ಲಿ ಹುಡುಗರಿಗೆ ಕಲಿಸುವವರು ವರ್ಷಕ್ಕೆ ಎರಡು ತಿಂಗಳು ಇದ್ದರೆ ಹತ್ತು ತಿಂಗಳು ಇರುತ್ತಿರಲಿಲ್ಲ. ನಾನು ಕನ್ನಡ ಶಾಲೆ, ಆಮೇಲೆ ಹಾಸ್ಟೆಲು, ಆಮೇಲೆ ಕಾಲೇಜು ಎಂದು ಹೊರಟುಹೋದೆ. ನಮಾಜಿಗೆ ಬೇಕಾದಷ್ಟನ್ನು ಕನ್ನಡ ಲಿಪಿಯಲ್ಲಿ ಅಚ್ಚಾದ ಸಣ್ಣ ಪುಸ್ತಕದಿಂದ ಬಾಯಿಪಾಠ ಮಾಡಿಕೊಂಡಿದ್ದೆ. ಅಷ್ಟರಲ್ಲೇ ನಲವತ್ತು ವರ್ಷ ನಡೆದಿತ್ತು.

ಅಪ್ಪ ತೀರಿಕೊಂಡ ದಿನ ಅದು ಸಾಲಲಿಲ್ಲ. ಮಣ್ಣು ಕೊಟ್ಟ ಮೇಲೆ ಹಿರಿಯರೊಬ್ಬರು “ಮನೀ ಮಂದಿ ಯಾರರೆ ಯಾಸೀನ್ ಓದ್ರಿ” ಅಂದರು. ಎಲ್ಲರೂ ನನ್ನ ಕಡೆ ನೋಡಿದರು. ಓದಿದ ಮಗ ಅಂದರೆ ನಾನೇ ತಾನೆ? ಪುಸ್ತಕ ಕೈಗೆ ಬಂತು. ಅದು ಕನ್ನಡ ಲಿಪಿಯದಲ್ಲ. ನಾನು ಅದನ್ನು ಪಕ್ಕದಲ್ಲಿದ್ದ ಹನ್ನೆರಡು ವರ್ಷದ ಹುಡುಗನಿಗೆ ಕೊಟ್ಟೆ, ಇಂಡಿಯ ಮದರಸಾದಲ್ಲಿ ಓದುವ ಹುಡುಗ. ಅವನು ಓದಿದ. ನಾನು ತುಟಿ ಅಲ್ಲಾಡಿಸುತ್ತ ನಿಂತೆ. ಯಾರೂ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಪುಣೆಯವರೆಗೂ ಬೆನ್ನು ಹತ್ತಿ ಬಂತು. 2024ರ ಆಗಸ್ಟಿನಲ್ಲಿ ಯೆರವಡಾ ಮೆಟ್ರೋ ನಿಲ್ದಾಣ ಶುರುವಾಯಿತಲ್ಲ, ಆ ತಿಂಗಳೇ ನಾನು ‘ನೂರಾನಿ ಕಾಯಿದಾ’ ಕೊಂಡು ಈ ಕೋಣೆಯ ಮೆಟ್ಟಿಲು ಹತ್ತಿದೆ.

ಮೊದಲ ದಿನಗಳಲ್ಲಿ ನನಗೆ ಅಚ್ಚರಿಯಾದದ್ದು, ಇದು ನನಗೆ ಗೊತ್ತಿದ್ದ ಪಾಠವೇ ಎಂಬುದು. “ಬಾ ಜಬರ್ ಬ, ಬಾ ಜೇರ್ ಬಿ, ಬಾ ಪೇಶ್ ಬು” ಎಂದು ಹಾಫಿಜ್ ಸಾಹೇಬರು ಹೇಳಿಸುವಾಗ ನನ್ನ ಕಿವಿಯಲ್ಲಿ ನಮ್ಮೂರ ಕನ್ನಡ ಶಾಲೆ ಕೂಗುತ್ತಿತ್ತು: ಕ ತಲಕಟ್ಟು ಕ, ಕ ಇಳಿ ಕಾ, ಗುಡಿಸು ಕಿ, ಗುಡಿಸಿನ ದೀರ್ಘ ಕೀ, ಕೊಂಬು ಕು. ಅದೇ ರಾಗ, ಅದೇ ತೂಗಾಟ. ಕಾಗುಣಿತದಲ್ಲಿ ನಾನು ಶಾಲೆಗೇ ಮೊದಲಿಗ. ಜಬರ್ ಎಂದರೆ ಮೇಲೆ, ಜೇರ್ ಎಂದರೆ ಕೆಳಗೆ, ಪೇಶ್ ಎಂದರೆ ಮುಂದೆ. ಇವು ಪಾರಸಿ ಹೆಸರುಗಳು. ಅರಬ್ಬಿಯಲ್ಲಿ ಇವಕ್ಕೆ ಫತ್‌ಹಾ, ಕಸ್ರಾ, ದಮ್ಮಾ ಅನ್ನುತ್ತಾರೆ. ಹ್ರಸ್ವ ಸ್ವರ ಮೂರೇ: ಅ, ಇ, ಉ. ಎ ಇಲ್ಲ, ಒ ಇಲ್ಲ. ನಮ್ಮ ಕಾಗುಣಿತದ ಮುಂದೆ ಇದೇನು ಮಹಾ ಅನಿಸಿತು.

ಆ ಸೊಕ್ಕು ಹೆಚ್ಚು ದಿನ ಉಳಿಯಲಿಲ್ಲ. ಕನ್ನಡದ ‘ಕ’ ಬರೀ ಬರೆದರೂ ಕ ಎಂದೇ ಓದಿಸಿಕೊಳ್ಳುತ್ತದೆ, ಅಕಾರ ಅದರ ಹೊಟ್ಟೆಯಲ್ಲೇ ಇದೆ. ಅರಬ್ಬಿ ಅಕ್ಷರ ಹಾಗಲ್ಲ. ಗುರುತು ಇಲ್ಲದಿದ್ದರೆ ಅದು ಬರೀ ವ್ಯಂಜನ, ಯಾವ ಸ್ವರ ಎಂದು ಓದುವವನೇ ತಿಳಿದುಕೊಳ್ಳಬೇಕು. ಕ, ತ, ಬ ಎಂಬ ಮೂರು ಅಕ್ಷರ ಇದ್ದರೆ, ಮೂರಕ್ಕೂ ಜಬರ್ ಹಾಕಿದಾಗ ‘ಕತಬ’, ಅವನು ಬರೆದ. ಮೊದಲಿಗೆ ಪೇಶ್, ನಡುವೆ ಜೇರ್ ಹಾಕಿದರೆ ‘ಕುತಿಬ’, ಅದು ಬರೆಯಲ್ಪಟ್ಟಿತು. ಮೊದಲೆರಡಕ್ಕೆ ಪೇಶ್ ಇದ್ದರೆ ‘ಕುತುಬ್’, ಪುಸ್ತಕಗಳು. ಅರಬ್ಬಿ ಪತ್ರಿಕೆಗಳಲ್ಲಿ ಈ ಗುರುತುಗಳನ್ನು ಸಾಮಾನ್ಯವಾಗಿ ಹಾಕುವುದೇ ಇಲ್ಲ. ಆ ಭಾಷೆಯಲ್ಲಿ ಹುಟ್ಟಿದವರಿಗೆ ಬೇಕಾಗಿಲ್ಲ. ಕುರ್‌ಆನ್‌ನಲ್ಲಿ ಮಾತ್ರ ಒಂದೂ ಬಿಡದೆ ಹಾಕುತ್ತಾರೆ.

ಇನ್ನು ಅಕ್ಷರಗಳು. ಇರುವುದು ಇಪ್ಪತ್ತೆಂಟು. ನಮ್ಮ ವರ್ಣಮಾಲೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆದರೆ ನನ್ನ ಕನ್ನಡ ಲಿಪಿಯ ಪುಸ್ತಕದಲ್ಲಿ ಎರಡು ಬೇರೆ ಹಕಾರಗಳು ಒಂದೇ ‘ಹ’ ಆಗಿದ್ದವು. ಮೂರು ಬೇರೆ ಸಕಾರಗಳು ಒಂದೇ ‘ಸ’. ನಾಲ್ಕು ಅಕ್ಷರಗಳು ಒಂದೇ ‘ಜ’ದೊಳಗೆ ಇಕ್ಕಟ್ಟಿನಲ್ಲಿ ಸಂಸಾರ ಮಾಡುತ್ತಿದ್ದವು. ಗಂಟಲ ನಡುವಿನಿಂದ ಹಿಂಡಿ ತೆಗೆಯಬೇಕಾದ ‘ಐನ್’ ಅಕ್ಷರಕ್ಕಂತೂ ಜಾಗವೇ ಇರಲಿಲ್ಲ, ಅದು ಬರೀ ‘ಅ’ ಆಗಿ ಹೋಗಿತ್ತು. ಆಮೇಲೆ ತಿಳಿಯಿತು, ಐನ್‌ನಿಂದ ಶುರುವಾಗುವ ‘ಅಲೀಮ್’ ಎಂದರೆ ಎಲ್ಲ ಬಲ್ಲವನು. ಬರೀ ಅಲಿಫ್‌ನಿಂದ ಶುರುವಾಗುವ ‘ಅಲೀಮ್’ ಎಂದರೆ ನೋವುಂಟುಮಾಡುವಂಥದು. ನನ್ನ ಬಾಯಲ್ಲಿ ಎರಡೂ ಒಂದೇ. ಕಿರುನಾಲಿಗೆಯ ಬುಡಕ್ಕೆ ನಾಲಿಗೆಯ ಹಿಂಭಾಗ ತಾಗಿಸಿ ಹೇಳುವ ‘ಕಾಫ್’ ಬೇರೆ, ಅದಕ್ಕಿಂತ ಸ್ವಲ್ಪ ಮುಂದೆ ಹೇಳುವ ನಮ್ಮ ‘ಕ’ದಂಥ ಕಾಫ್ ಬೇರೆ. ಹಿಂದಿನದರಲ್ಲಿ ‘ಕುಲ್’ ಎಂದರೆ ‘ಹೇಳು’. ಮುಂದಿನದರಲ್ಲಿ ಎಂದರೆ ‘ತಿನ್ನು’. ನಲವತ್ತು ವರ್ಷ ನಾನು ದೇವರ ಮುಂದೆ ನಿಂತು ಹೇಳು ಎನ್ನುವ ಕಡೆ ತಿನ್ನು ಎನ್ನುತ್ತಿದ್ದೆ, ಅದಕ್ಕೂ ಕೊನೆಗೊಂದು ಕೊಂಬು ಹಚ್ಚಿ.

ಆ ಕೊಂಬಿನ ಕತೆಗೇ ಬರುತ್ತೇನೆ. ಹಾಫಿಜ್ ಸಾಹೇಬರು “ಈ ಪೇಶ್ ಎಲ್ಲಿಂದ ಬಂತು” ಎಂದು ಕೇಳಿದ ರಾತ್ರಿ, ತರಗತಿ ಮುಗಿದು ಚಪ್ಪಲಿ ಹುಡುಕುವಾಗ ಆ ಗೌಂಡಿ ಹತ್ತಿರ ಬಂದ. ಮೂರು ತಿಂಗಳು ನಾವಿಬ್ಬರೂ ಹಿಂದಿಯಲ್ಲೇ ಸಲಾಮು ಹೇಳಿಕೊಂಡಿದ್ದೆವು.

“ಸರ, ನೀವು ಕರ್ನಾಟಕದವರೇನ್ರಿ?”

“ಹೌದ್ರಿ. ನಿಮಗ ಹ್ಯಾಂಗ ಗೊತ್ತಾತು?”

“ನೀವೂ ಕುಲ್ಲು ಅಂದ್ರಲ್ರಿ!”

ಶಹಾಪುರದ ಕಡೆಯವನು. ಅವನಿಗೂ ಅದೇ ರೋಗ. ಹೋದ ವಾರ ಅವನನ್ನೂ ಇದೇ ಕಾರಣಕ್ಕೆ ನಿಲ್ಲಿಸಿದ್ದರಂತೆ. ಮಸೀದಿಯ ಕೆಳಗಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ನಾವಿಬ್ಬರೂ ಲೆಕ್ಕ ಹಾಕಿದೆವು. ಬಸ್ ನಮಗೆ ಬಸ್ಸು. ಕಾರ್ ಕಾರು. ಪೆನ್ ಪೆನ್ನು. ಕೋರ್ಟ್ ಕೋರ್ಟು. ಆಮೇಲೆ ಅವನಿಗೆ ಹುರುಪು ಬಂತು. “ಸರ, ಅರಬ್ಬಿ ಶಬ್ದನೂ ಬಿಟ್ಟಿಲ್ರಿ ನಾವು. ಕಾನೂನು, ಕರಾರು, ತಕರಾರು, ಜವಾಬು!” ನಾನು ಸೇರಿಸಿದೆ: ಅಸಲು, ನಕಲು, ಬದಲು, ಫಸಲು, ವಸೂಲು, ಇನಾಮು, ಹಾಜರು. ಮೂಲದಲ್ಲಿ ಎಲ್ಲವೂ ಅರಬ್ಬಿ. ಆದಿಲಶಾಹಿಗಳ ಕಾಲದಿಂದ, ಅದಕ್ಕೂ ಹಿಂದಿನಿಂದ ನಮ್ಮ ಕಚೇರಿ, ಸಂತೆ, ಹೊಲಗಳೊಳಗೆ ನಡೆದು ಬಂದ ಮಾತುಗಳು. ಬಂದ ಪ್ರತಿಯೊಂದಕ್ಕೂ ಕನ್ನಡ ಒಂದೊಂದು ಉಕಾರ ಕೊಟ್ಟು ಕೂಡಿಸಿದೆ, ಮನೆಗೆ ಬಂದವರಿಗೆ ಮಣೆ ಕೊಟ್ಟ ಹಾಗೆ. ಶಬ್ದ ವ್ಯಂಜನದ ಮೇಲೆ ಒಂಟಿಕಾಲಲ್ಲಿ ನಿಲ್ಲುವುದನ್ನು ನಮ್ಮ ನಾಲಿಗೆ ಸಹಿಸುವುದಿಲ್ಲ.

ಇನ್ನೊಂದು ಮಾತು ನನಗೆ ಆ ರಾತ್ರಿ ಮಲಗಿದಾಗ ಹೊಳೆಯಿತು. ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ ಕೂಗಿದ್ದೇವಲ್ಲ, ಪ್ರಥಮಾ – ಉ, ದ್ವಿತೀಯಾ – ಅನ್ನು. ಅರಬ್ಬಿಯಲ್ಲೂ ಕರ್ತೃಪದದ ಗುರುತು ಕೊನೆಯ ಉಕಾರವೇ, ಪೇಶ್. ಕರ್ಮಕ್ಕೆ ಜಬರ್, ಸಂಬಂಧಕ್ಕೆ ಜೇರ್. ಎರಡು ಭಾಷೆಗಳಿಗೂ ನೆಂಟಸ್ತಿಕೆ ಏನೂ ಇಲ್ಲ, ಇದು ಬರೀ ಕಾಕತಾಳೀಯ. ಆದರೆ ನಡವಳಿಕೆ ತದ್ವಿರುದ್ಧ. ಓದುತ್ತ ನಿಲ್ಲಬೇಕಾದಲ್ಲಿ ಅವರು ಬರೆದಿರುವ ಪೇಶನ್ನೂ ನುಂಗಿಬಿಡುತ್ತಾರೆ. ನಾವು ಬರೆಯದ ಪೇಶನ್ನೂ ಹಚ್ಚುತ್ತೇವೆ.

ಹಾಫಿಜ್ ಸಾಹೇಬರಿಗೆ ಇದನ್ನೆಲ್ಲ ಹೇಳಿದೆ. ನಕ್ಕರು. ನಕ್ಕು ಒಂದು ಹಳೆಯ ಪ್ರಸಂಗ ಹೇಳಿದರು. ಏಳನೆಯ ಶತಮಾನದ ಬಸ್ರಾ ಪಟ್ಟಣ. ಇಸ್ಲಾಮ್ ಅರಬರಾಚೆಗೆ ಹಬ್ಬಿ, ಪಾರಸಿ ಮತ್ತಿತರ ಭಾಷೆಯವರು ಊರು ತುಂಬಿದ್ದರು. ಬರವಣಿಗೆಯಲ್ಲಿ ಆಗ ಸ್ವರಗಳ ಗುರುತಿರಲಿಲ್ಲ. ಒಬ್ಬ ಕುರ್‌ಆನ್‌ನ ಒಂದು ಪದದ ಕೊನೆಯಲ್ಲಿ ಉಕಾರ ಹೇಳಬೇಕಾದಲ್ಲಿ ಇಕಾರ ಹೇಳಿ ಅರ್ಥವನ್ನೇ ಬುಡಮೇಲು ಮಾಡಿದ. ಅದನ್ನು ಕೇಳಿದ ಅಬುಲ್ ಅಸ್ವದ್ ದುಅಲಿ ಎಂಬ ವಿದ್ವಾಂಸರು ಒಬ್ಬ ಬರಹಗಾರನನ್ನು ಕೂಡಿಸಿಕೊಂಡು, ನನ್ನ ಬಾಯಿ ನೋಡುತ್ತಿರು ಎಂದರಂತೆ. ತುಟಿ ತೆರೆದಾಗ ಅಕ್ಷರದ ಮೇಲೊಂದು ಚುಕ್ಕೆ. ತುಟಿ ಕೂಡಿಸಿದಾಗ ಮುಂದೊಂದು. ಕೆಳಗೆ ಮುರಿದಾಗ ಕೆಳಗೊಂದು. ಅಕ್ಷರದ ಮಸಿಗಿಂತ ಬೇರೆ ಬಣ್ಣದಲ್ಲಿ. ಫತ್‌ಹಾ ಎಂದರೆ ತೆರೆಯುವುದು, ದಮ್ಮಾ ಎಂದರೆ ಕೂಡಿಸುವುದು, ಕಸ್ರಾ ಎಂದರೆ ಮುರಿಯುವುದು. ಮೂರೂ ತುಟಿಯ ಹೆಸರುಗಳೇ. ಮುಂದಿನ ಶತಮಾನದಲ್ಲಿ ಅದೇ ಬಸ್ರಾದ ಖಲೀಲ್ ಇಬ್ನ್ ಅಹ್ಮದ್ ಆ ಚುಕ್ಕೆಗಳ ಬದಲು ಇವತ್ತು ನಾವು ನೋಡುವ ಗೆರೆ, ಕೊಂಡಿಗಳನ್ನು ರೂಪಿಸಿದರು.

“ಅರಬರಿಗಾಗಿ ಅಲ್ಲ ಭಾಯ್, ನಮ್ಮಂಥವರಿಗಾಗಿ ಮಾಡಿದ್ದು,” ಅಂದರು ಹಾಫಿಜ್ ಸಾಹೇಬರು. ಬಿಹಾರದಿಂದ ಪುಣೆಗೆ ಬಂದವರು ಇಂಡಿಯಿಂದ ಪುಣೆಗೆ ಬಂದವನಿಗೆ ಹೇಳಿದ ಮಾತು. ಮೂರು ತಿಂಗಳಿಂದ ಆ ಜಬರ್, ಜೇರ್, ಪೇಶ್‌ಗಳನ್ನು ನನ್ನನ್ನು ಸೋಲಿಸಲು ಇಟ್ಟ ಕಲ್ಲುಗಳೆಂದು ನೋಡುತ್ತಿದ್ದೆ. ಅವು ಹೊರಗಿನಿಂದ ಬಂದವರು ದಾರಿ ತಪ್ಪದಿರಲಿ ಎಂದು ನೆಟ್ಟ ಕೈಮರಗಳು.

ಆ ಖಲೀಲರೇ ಅರಬ್ಬಿಯ ಮೊದಲ ನಿಘಂಟು ಕಟ್ಟಲು ಹೊರಟವರು. ಅದರಲ್ಲಿ ಅವರು ಅಲಿಫ್, ಬಾ, ತಾ ಎಂಬ ರೂಢಿಯ ಕ್ರಮ ಬಿಟ್ಟು, ಗಂಟಲಿನ ಐನ್‌ನಿಂದ ಶುರುಮಾಡಿ ತುಟಿಯ ಫಾ, ಬಾ, ಮೀಮ್ ಕಡೆಗೆ ಬಂದಿದ್ದಾರೆ. ನಿಘಂಟಿನ ಹೆಸರೇ ‘ಕಿತಾಬುಲ್ ಐನ್’. ಇದನ್ನು ಓದಿದಾಗ ನನಗೆ ಮತ್ತೆ ಕನ್ನಡ ಶಾಲೆ ನೆನಪಾಯಿತು. ಕ ಖ ಗ ಘ ಗಂಟಲು, ಕೊನೆಗೆ ಪ ಫ ಬ ಭ ಮ ತುಟಿ. ಅವರೂ ನಮ್ಮ ವೈಯಾಕರಣರೂ ನೋಡಿದ್ದು ಒಂದೇ ಬಾಯಿಯನ್ನು. ಅದಾದ ಮೇಲೆ ಐನ್ ಕಲಿಯುವುದು ಸ್ವಲ್ಪ ಸುಲಭವಾಯಿತು. ನಮ್ಮ ಕವರ್ಗಕ್ಕಿಂತ ಕೆಳಗೆ ಇನ್ನೂ ಒಂದೆರಡು ಮೆಟ್ಟಿಲಿವೆ, ಇಳಿಯಬೇಕು ಅಷ್ಟೆ ಎಂದುಕೊಂಡೆ.

ಯೆರವಡಾದಲ್ಲಿ ಇದನ್ನು ಕಲಿಯುವುದಕ್ಕೆ ಇನ್ನೊಂದು ಸಮಾಧಾನವಿದೆ. ಈ ಊರನ್ನು ಹೊರಗಿನವರು ಜೈಲಿನ ಹೆಸರಿನಿಂದ ಬಲ್ಲರು. ಆಫೀಸಿನಲ್ಲಿ “ಯೆರವಡಾದಲ್ಲಿದ್ದೇನೆ” ಎಂದರೆ “ಒಳಗೋ ಹೊರಗೋ” ಎಂಬ ಚೇಷ್ಟೆ ತಪ್ಪಿದ್ದಲ್ಲ. ಆ ಜೈಲಿನಲ್ಲಿ 1922ರಿಂದ 1924ರವರೆಗೆ ಇದ್ದಾಗ ಗಾಂಧೀಜಿ ಉರ್ದು ಕಲಿಯುತ್ತಿದ್ದರು. ವಯಸ್ಸು ಐವತ್ತು ದಾಟಿತ್ತು. ಆ ಕಲ್ಲುಗೋಡೆಯ ಪಕ್ಕ ರಾತ್ರಿ ಸ್ಕೂಟರಿನಲ್ಲಿ ಹೋಗುವಾಗ, ಅವರೂ ಒಳಗೆ ಕೂತು ಈ ಅಲಿಫ್, ಬೇ ತಿದ್ದಿರಬೇಕಲ್ಲ ಎಂದು ನೆನೆದು ನಲವತ್ತೆರಡರ ನನಗೆ ಧೈರ್ಯ ಬರುತ್ತದೆ.

ಇತ್ತ ಡೆಕ್ಕನ್ ಕಾಲೇಜೂ ಯೆರವಡಾದಲ್ಲೇ ಇದೆ. ಭಾಷಾವಿಜ್ಞಾನಕ್ಕೆ ದೇಶದಲ್ಲೇ ಹೆಸರಾದ ಜಾಗ. ನಮ್ಮ ಡಿ. ಎನ್. ಶಂಕರ ಭಟ್ಟರು ಹವ್ಯಕ ಕನ್ನಡದ ಬಗ್ಗೆ, ಕೊರಗ ಭಾಷೆಯ ಬಗ್ಗೆ ಬರೆದ ಪುಸ್ತಕಗಳು 1971ರಲ್ಲಿ ಇಲ್ಲಿಂದಲೇ ಪ್ರಕಟವಾದವು. ಮುಂದೆ ಅವರು, ಕನ್ನಡಿಗರ ನಾಲಿಗೆಯಲ್ಲಿ ಇಲ್ಲದ ಮಹಾಪ್ರಾಣಗಳು ಬರಹದಲ್ಲಿ ಯಾಕೆ ಬೇಕು ಎಂದು ಕೇಳಿದ್ದು, ಅದರ ಮೇಲೆ ಗದ್ದಲವಾದದ್ದು ಈ ಪತ್ರಿಕೆಯ ಓದುಗರಿಗೆ ಗೊತ್ತಿರುವುದೇ. ನನಗೆ ಆ ವಾದದ ಎರಡೂ ತುದಿ ಈಗ ನಾಲಿಗೆಯ ಮೇಲಿವೆ. ಕನ್ನಡದಲ್ಲಿ ನಾನು ‘ಧ’ ಬರೆದು ‘ದ’ ಅನ್ನುತ್ತೇನೆ. ನಮ್ಮ ಕಡೆ ಎಲ್ಲರೂ ಹಾಗೇ, ಯಾರಿಗೂ ಪಾಪ ಬಂದಿಲ್ಲ. ಅರಬ್ಬಿಯಲ್ಲಿ ಆ ಮಾಫಿ ಇಲ್ಲ, ಬರೆದದ್ದೆಲ್ಲ ಬಾಯಲ್ಲಿ ಬರಬೇಕು. ಹಾಗಾದರೆ ಬಾಯಲ್ಲಿ ಬರದವರದು ಏನು ಗತಿ?

ಈ ಪ್ರಶ್ನೆ ನನ್ನದಲ್ಲ, ಅವ್ವನದು.

ಅವ್ವ ಶಾಲೆ ಕಂಡವಳಲ್ಲ. ಯಾವ ಲಿಪಿಯೂ ಓದಲು ಬರುವುದಿಲ್ಲ. ಅವಳ ಅವ್ವ ಹೇಳಿಕೊಟ್ಟದ್ದನ್ನು ಕೇಳಿ ಕಲಿತವಳು. ಐದು ಹೊತ್ತು ತಪ್ಪಿಸಿಲ್ಲ. ರೊಟ್ಟಿ ಬಡಿದು ಕೈ ತೊಳೆದುಕೊಂಡು ಬಂದು ನಿಂತರೆ ಅವಳ ಬಾಯಿಂದ ಬರುವ ಅರಬ್ಬಿ ಇಂಡಿ ತಾಲೂಕಿನ ಅರಬ್ಬಿ. ಅದರಲ್ಲಿ ಐನ್ ಇಲ್ಲ, ಹಿಂದಿನ ಕಾಫ್ ಇಲ್ಲ, ಪ್ರತಿ ಪದದ ಕೊನೆಗೂ ಒಂದು ಮಣೆ. ಊಟ ಮುಗಿಸಿ “ಅಲಮದುಲಿಲ್ಲಾ” ಅಂದು ಗಂಗಾಳ ಎತ್ತುತ್ತಾಳೆ.

ಒಂದು ಭಾನುವಾರ ಫೋನಿನಲ್ಲಿ ಅವಳಿಗೆ ನಾನು ಹೊಸದಾಗಿ ಕಲಿತಂತೆ ಒಂದು ಸಣ್ಣ ಸೂರಾ ಓದಿ ಕೇಳಿಸಿದೆ. ಗಂಟಲಿನ ಅಕ್ಷರ ಗಂಟಲಿನಿಂದ, ಹಲ್ಲಿನದು ಹಲ್ಲಿನಿಂದ. ಹೆಮ್ಮೆಯಿಂದಲೇ ಓದಿದೆ ಅನ್ನಿ. ಆ ಕಡೆ ಸುಮಾರು ಹೊತ್ತು ಮಾತಿಲ್ಲ. ಫೋನು ಕಟ್ಟಾಯಿತೇನೋ ಎಂದುಕೊಂಡೆ.

“ಚಲೋ ಓದ್ತಿ ಯಪ್ಪಾ,” ಅಂದಳು. ಆಮೇಲೆ: “ಹಂಗಾರ ನಾ ಇಷ್ಟ ವರ್ಷ ಓದಿದ್ದೆಲ್ಲಾ ತಪ್ಪಾತೇನು?”

ಇಲ್ಲ ಅವ್ವ ಅಂದೆ. ಇಲ್ಲ ಅನ್ನುವಾಗ ನನ್ನ ದನಿಯಲ್ಲಿ ಬಲ ಇರಲಿಲ್ಲ, ಅದು ಅವಳಿಗೂ ತಿಳಿಯಿತು. “ಇರ್ಲಿ ಬಿಡು, ದೇವ್ರಿಗೆ ಕನ್ನಡ ಬರ್ತಿರಬೇಕು” ಅಂದು ಮಾತು ತಿರುಗಿಸಿ ಲಿಂಬಿಗಿಡಕ್ಕೆ ನೀರು ಹಾಯಿಸಿದ ಸುದ್ದಿ ಹೇಳಿದಳು.

ಆ ವಾರ ನನಗೆ ತರಗತಿಗೆ ಹೋಗಲು ಮನಸ್ಸಾಗಲಿಲ್ಲ. ಕಾಲೇಜಿಗೆಂದು ಬೆಂಗಳೂರಿಗೆ ಹೋದ ಹೊಸದರಲ್ಲಿ ನನ್ನ ‘ಹ್ಯಾಂಗ’, ‘ಯಾಕ’ಗಳನ್ನು ಕೇಳಿ ಗೆಳೆಯರು ನಗುತ್ತಿದ್ದರು. ಅದೇ ಬಾಯಲ್ಲಿ “ನೀವು ಮುಸ್ಲಿಮರಾಗಿ ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ” ಎಂದೂ ಹೊಗಳುತ್ತಿದ್ದರು. ನಗು ಮತ್ತು ಹೊಗಳಿಕೆ ಎರಡೂ ನೋಯಿಸುತ್ತವೆ ಎಂದು ಗೊತ್ತಿದ್ದ ನಾನೇ, ಕಲಿತದ್ದನ್ನು ಒಯ್ದು ಅವ್ವನ ಮುಂದೆ ಹರಡಿ ಕೂತಿದ್ದೆ. ಅವಳ ಅರವತ್ತು ವರ್ಷದ ದನಿಗೆ ನಾನು ಟೆಸ್ಟಿಂಗ್ ರಿಪೋರ್ಟು ಕೊಟ್ಟಿದ್ದೆ.

ಮತ್ತೆ ಹೋದಾಗ ಹಾಫಿಜ್ ಸಾಹೇಬರಿಗೆ ಎಲ್ಲ ಹೇಳಿದೆ. ಅವರಿಗಿಂತ ಮುಂಚೆ ರಿಕ್ಷಾದವನು, “ಬಿಲಾಲರ ಕತೆ ಹೇಳಿ ಅಮ್ಮನಿಗೆ” ಅಂದ. ಮೊದಲ ಅಜಾನ್ ಕೊಟ್ಟ ಬಿಲಾಲರಿಗೆ ‘ಶ’ ಬರುತ್ತಿರಲಿಲ್ಲ, ‘ಸ’ ಅನ್ನುತ್ತಿದ್ದರು, ದೇವರಿಗೆ ಆ ಸಕಾರವೇ ಇಷ್ಟವಾಗಿತ್ತು ಎಂಬ ಕತೆ. ನಾನೂ ಕೇಳಿದ್ದೆ. ಹಾಫಿಜ್ ಸಾಹೇಬರು ತಲೆಯಾಡಿಸಿದರು. “ಚಂದದ ಕತೆ. ಆದರೆ ಹದೀಸ್ ಬಲ್ಲವರು ಇದಕ್ಕೆ ಆಧಾರವಿಲ್ಲ ಅಂದಿದ್ದಾರೆ. ಬಿಲಾಲರ ದನಿ ಒಳ್ಳೆಯದಿತ್ತು ಎಂದೇ ಅವರಿಗೆ ಆ ಕೆಲಸ ಸಿಕ್ಕಿದ್ದು. ತಾಯಿಗೆ ಹೇಳುವುದಾದರೆ ಸುಳ್ಳು ಸಮಾಧಾನ ಯಾಕೆ ಹೇಳಬೇಕು? ನಿಜವಾದದ್ದೇ ಇದೆಯಲ್ಲ.” ಬುಖಾರಿ ಮತ್ತು ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿ ಇರುವ ಹದೀಸಿನ ತಾತ್ಪರ್ಯ ಹೇಳಿದರು. ಸರಾಗವಾಗಿ ಓದುವವನು ದೊಡ್ಡವರ ಸಾಲಿನಲ್ಲಿರುತ್ತಾನೆ. ಕಷ್ಟಪಟ್ಟು ತಡವರಿಸುತ್ತ ಓದುವವನಿಗೆ ಎರಡು ಪಾಲು ಪುಣ್ಯ. ಒಂದು ಓದಿದ್ದಕ್ಕೆ, ಇನ್ನೊಂದು ಕಷ್ಟಪಟ್ಟದ್ದಕ್ಕೆ.

“ಆದರೆ,” ಎಂದು ನನ್ನ ಕಡೆ ಬೆರಳು ತೋರಿಸಿದರು, “ಕಲಿಯುವ ದಾರಿ ಸಿಕ್ಕವನು ಕಲಿಯದೆ ಕೂರಬಾರದು. ಅವರಿಗೆ ಸಿಗಲಿಲ್ಲ. ನಿಮಗೆ ಸಿಕ್ಕಿದೆ. ಪುಸ್ತಕ ತೆಗೆಯಿರಿ.”

ತೆಗೆದೆ. ಅಂದಿನ ಪಾಠ ತಶ್ದೀದ್. ಹಲ್ಲಿನಂಥ ಒಂದು ಸಣ್ಣ ಗುರುತು. ಅದು ಯಾವ ಅಕ್ಷರದ ಮೇಲೆ ಕೂರುತ್ತದೋ ಆ ಅಕ್ಷರ ಎರಡಾಗುತ್ತದೆ. ನಮ್ಮ ಒತ್ತಕ್ಷರವೇ, ಆದರೆ ಕೆಳಗೆ ಬರೆಯುವ ಬದಲು ಮೇಲೆ. ಕನ್ನಡಿಗರಿಗೆ ಇದು ನೀರು ಕುಡಿದಷ್ಟು ಸುಲಭ: ಅಕ್ಕ, ಅಪ್ಪ, ಹತ್ತಿ. ಮೊದಲ ಸಲ ಇಡೀ ಪುಟ ತಪ್ಪಿಲ್ಲದೆ ಓದಿದೆ. ಖುಷಿಗೆ ಹಾಫಿಜ್ ಸಾಹೇಬರು ಪುಸ್ತಕದ ಹೊರಗಿನ ಮಾತನ್ನೂ ಹೇಳಿದರು. ಅರಬ್ಬಿಯಲ್ಲಿ ಕಸುಬುದಾರರ ಹೆಸರುಗಳಲ್ಲಿ ನಡುವಿನ ಅಕ್ಷರಕ್ಕೆ ತಶ್ದೀದ್ ಬೀಳುವುದು ಒಂದು ಪದ್ಧತಿ. ರೊಟ್ಟಿ ಸುಡುವವನು ಖಬ್ಬಾಜ್, ಬಟ್ಟೆ ಹೊಲಿಯುವವನು ಖಯ್ಯಾತ್, ಮರಗೆಲಸದವನು ನಜ್ಜಾರ್, ಕಮ್ಮಾರ ಹದ್ದಾದ್. ಒಂದು ಕೆಲಸವನ್ನು ಒಂದು ಸಲ ಮಾಡಿದವನಿಗೆ ಈ ರೂಪ ಸಲ್ಲದು. ಮತ್ತೆ ಮತ್ತೆ ಮಾಡುವವನಿಗೆ,  ಅದರಲ್ಲೇ ಜೀವ ತೇಯುವವನಿಗೆ ಮಾತ್ರ ಆ ಒತ್ತು. “ನಿಮ್ಮ ಹೆಸರೂ ಅದೇ ಅಲ್ಲವೇ?” ಅಂದರು. “ನದ್ದಾಫ್. ಹತ್ತಿ ಹಿಂಜುವವನು.”

ನನಗೆ ಅದು ಗೊತ್ತಿರಲಿಲ್ಲ. ನದಾಫ ಎಂಬುದು ನನಗೆ ಫಾರಮ್ಮಿನಲ್ಲಿ ಕೊನೆಯ ಕಾಲಮ್ಮು. ಊರಲ್ಲಿ ‘ನದಾಪ’. ಪುಣೆಯ ಆಫೀಸಿನಲ್ಲಿ ‘ನಾದಾಫ್’, ‘ನಡಾಫ್’, ಬಾಯಿಗೆ ಬಂದಂತೆ. ಬಸ್ಸಿಗೂ ಕಾರಿಗೂ ಕೇಳದೆ ಒತ್ತು ಕೊಟ್ಟು ಉಕಾರ ಕೊಟ್ಟು ಕೂಡಿಸಿಕೊಂಡ ನಾವು, ನಮ್ಮ ಹೆಸರಿನೊಳಗಿದ್ದ ಒತ್ತನ್ನೇ ಎಲ್ಲೋ ದಾರಿಯಲ್ಲಿ ಬೀಳಿಸಿಕೊಂಡು ಬಂದಿದ್ದೆವು.

ಅಪ್ಪನ ಕಮಾನು ಕಣ್ಣ ಮುಂದೆ ಬಂತು. ಮನುಷ್ಯನೆತ್ತರದ ಬಿಲ್ಲು, ಅದಕ್ಕೆ ಬಿಗಿದ ನರದ ತಂತಿ. ಅದನ್ನು ಹತ್ತಿಯ ರಾಶಿಯ ಮೇಲೆ ಹಿಡಿದು ಕಟ್ಟಿಗೆಯ ಗುಂಡಿನಿಂದ ಎಳೆದು ಬಿಡುತ್ತಿದ್ದ. ಟುಂಯ್, ಟುಂಯ್ ಎಂದು ಓಣಿಗೆಲ್ಲ ಕೇಳುತ್ತಿತ್ತು. ಪ್ರತಿ ಏಟಿಗೂ ಗಂಟುಕಟ್ಟಿದ ಹತ್ತಿ ಬಿಚ್ಚಿ ಮೇಲೆದ್ದು ಅರಳೆಯಾಗಿ ಬೀಳುತ್ತಿತ್ತು. ಒಂದು ಗಾದಿಗೆ ಎಷ್ಟು ಏಟೋ, ದಿನಕ್ಕೆ ಎಷ್ಟು ಗಾದಿಯೋ. ಸಂಜೆ ಅವನ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗೆ. ನನ್ನ ಹಾಸ್ಟೆಲಿನ ಫೀ ಆ ತಂತಿಯಿಂದ ಬಂದದ್ದು. ಆಮೇಲೆ ಮಶೀನು ಬಂತು, ಫೋಮಿನ ಗಾದಿ ಬಂತು, ಕಮಾನು ಜಂತಿಗೆ ನೇತುಬಿತ್ತು.

ಇನ್ನೊಂದು ಪಾಠವೂ ಆ ತಂತಿಯಿಂದಲೇ ಅರ್ಥವಾಯಿತು. ಸುಕೂನ್ ಬಿದ್ದಾಗ ಐದು ಅಕ್ಷರಗಳನ್ನು ಮಾತ್ರ ಮುಚ್ಚಿ ಸುಮ್ಮನಾಗದೆ ಸ್ವಲ್ಪ ಪುಟಿಸಬೇಕು, ಅದಕ್ಕೆ ಕಲ್‌ಕಲಾ ಎಂದು ಹೆಸರು. ಪುಟಿಸಬೇಕು, ಆದರೆ ಆ ಪುಟಿತ ಸ್ವರವಾಗಬಾರದು. ಕನ್ನಡಿಗರಿಗೆ ಇದು ಅಗ್ನಿಪರೀಕ್ಷೆ. ಪುಟಿಸಿದರೆ ಉಕಾರ, ತಡೆದರೆ ಉಸಿರೇ ಕಟ್ಟು. ಗೌಂಡಿಯೂ ನಾನೂ ವಾರಗಟ್ಟಲೆ ಒದ್ದಾಡಿದೆವು. ಕೊನೆಗೆ ನಾನು ಅಪ್ಪನ ಕೈ ನೆನಪು ಮಾಡಿಕೊಂಡೆ. ಗುಂಡು ತಂತಿಗೆ ತಾಗಿದ ಕೂಡಲೇ ಬಿಡುತ್ತಿದ್ದ. ಹಿಡಿದಿಟ್ಟರೆ ನಾದ ಸಾಯುತ್ತದೆ, ಎರಡನೇ ಸಲ ತಾಗಿದರೆ ಕೆಡುತ್ತದೆ. ಹಾಗೆ ಹೇಳಿ ನೋಡಿದೆ. ಹಾಫಿಜ್ ಸಾಹೇಬರು ಬೆರಳನ್ನು ಮುಂದಿನ ಅಕ್ಷರಕ್ಕೆ ಸರಿಸಿದರು.

ಹೋದ ತಿಂಗಳು ಊರಿಗೆ ಹೋಗಿದ್ದೆ. ಯೆರವಡಾದಿಂದ ಸೊಲ್ಲಾಪುರ, ಸೊಲ್ಲಾಪುರದಿಂದ ಇಂಡಿ. ಮರುದಿನ ಬೆಳಿಗ್ಗೆ ಒಬ್ಬನೇ ಅಪ್ಪನ ಗೋರಿಯ ಹತ್ತಿರ ಹೋಗಿ ಯಾಸೀನ್ ಓದಿದೆ. ಸರಾಗವಾಗಿ ಅಲ್ಲ. ಬೆರಳಿಟ್ಟು, ನಿಂತು, ಹಿಂದೆ ಬಂದು, ಮತ್ತೆ ಓದುತ್ತ. ಹುಡುಗ ಹತ್ತು ಹದಿನೈದು ನಿಮಿಷದಲ್ಲಿ ಓದಿದ್ದನ್ನು ಓದಲು ನನಗೆ ಮುಕ್ಕಾಲು ಗಂಟೆ ಬೇಕಾಯಿತು. ಬಿಸಿಲು ಏರಿತ್ತು.

ಮನೆಗೆ ಬಂದು ಅವ್ವನಿಗೆ ಎರಡು ಪಾಲು ಪುಣ್ಯದ ಮಾತು ಹೇಳಿದೆ. “ಹಂಗಾರ ನಂದು ಬ್ಯಾಂಕಿನ್ಯಾಗ ಭಾಳ ಜಮಾ ಆಗ್ಯಾದ” ಎಂದು ನಕ್ಕಳು. ಆದರೂ ನನ್ನನ್ನು ಎದುರಿಗೆ ಕೂಡಿಸಿಕೊಂಡು, “ಆ ಗಂಟಲದಾಗಿನ ಅಕ್ಷರ ಒಮ್ಮಿ ಹೇಳು ನೋಡೂನು” ಅಂದಳು. ಹೇಳಿದೆ. ಅವಳೂ ಯತ್ನಿಸಿದಳು. ಕೆಮ್ಮು ಬಂತು. ಇಬ್ಬರೂ ನಕ್ಕೆವು. ಅವಳು ಎದ್ದು ಹೋಗಿ ಜೋಹರ್ ನಮಾಜಿಗೆ ನಿಂತಳು, ತನ್ನ ಹಳೆಯ ದನಿಯಲ್ಲೇ. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಕೇಳಿದೆ. ಈಗ ನನಗೆ ಅಕ್ಷರಗಳು ಗೊತ್ತಿರುವುದರಿಂದ ಅವಳು ಎಲ್ಲಿ ಏನು ಬಿಡುತ್ತಾಳೆ, ಎಲ್ಲಿ ಏನು ಸೇರಿಸುತ್ತಾಳೆ ಎಂದು ಒಂದೊಂದೂ ತಿಳಿಯುತ್ತಿತ್ತು. ಮೊದಲಿಗಿಂತ ಹೆಚ್ಚು ಸ್ಪಷ್ಟವಾಗಿ ಅವಳ ದನಿ ಕೇಳಿದ್ದು ಅವತ್ತೇ.

ಊಟಕ್ಕೆ ಕೂತಾಗ ನದ್ದಾಫ್‌ನ ಸುದ್ದಿ ತೆಗೆದೆ. ನಮ್ಮ ಅಡ್ಡಹೆಸರಿನಲ್ಲಿ ಒಂದು ಒತ್ತು ಇತ್ತವ್ವ, ದ ಮೇಲೆ. ನಾವು ಬಿಟ್ಟುಬಿಟ್ಟೀವಿ. ಒಂದು ಕೆಲಸ ಮತ್ತೆ ಮತ್ತೆ ಮಾಡಾವರಿಗೆ ಹಂಗ ಒತ್ತಿ ಹೇಳ್ತಾರಂತ.

ಅವ್ವ ಜಂತಿಯ ಕಡೆ ನೋಡಿದಳು. ಕಮಾನು ಅಲ್ಲೇ ಇತ್ತು, ತಂತಿ ಹರಿದು.

“ನಿಮ್ಮಪ್ಪ ಒತ್ತಿ ಹೇಳ್ತಿದ್ದಿಲ್ಲ,” ಅಂದಳು. “ಒತ್ತಿ ಹಿಂಜ್ತಿದ್ದ.”

ನನ್ನ ಗಂಗಾಳಕ್ಕೆ ಇನ್ನೊಂದು ರೊಟ್ಟಿ ಹಾಕಿದಳು. ಮರುದಿನ ರಾತ್ರಿ ಇಶಾ ಮುಗಿಯುವ ಹೊತ್ತಿಗೆ ನಾನು ಯೆರವಡಾದಲ್ಲಿದ್ದೆ. ಗೌಂಡಿ ನನಗಾಗಿ ಪಕ್ಕದಲ್ಲಿ ಜಾಗ ಹಿಡಿದಿದ್ದ. ಮೊಣಕಾಲು ಅಡ್ಡ ಹಾಕಿ ಕೂತು ಪುಸ್ತಕ ತೆಗೆದೆ. ಮೊದಲ ಸಾಲಿನಲ್ಲೇ ಒಂದು ಕಡೆ ಬೆರಳು ನಿಂತಿತು.